‘ನೀವು ಸುಮ್ಮನೆ ಕೂತಿರಿ ಮಾವ’ ಎನ್ನುವ ಅಕ್ಕರೆಯೂ ಮುಪ್ಪಿನ ಮರೆವೂ

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವರು. ಒಕ್ಕಲುತನದ ಜೊತೆಗೆ ಇಪ್ಪತ್ತು ವರ್ಷ ಊರಿನ ಹಾಲಿನ ಡೇರಿಯ ಕಾರ್ಯದರ್ಶಿಯಾಗಿದ್ದರು. ಎರಡು ವರ್ಷದ ಹಿಂದೆ ಅತ್ತೆಯವರು ತೀರಿಕೊಂಡರು. ಒಬ್ಬರೇ ಇರುವುದು ಬೇಡವೆಂದು ಎಂಟು ತಿಂಗಳ ಹಿಂದೆ ದಾವಣಗೆರೆಯ ನಮ್ಮ ಮನೆಗೆ ಕರೆತಂದೆವು. ಬೇರೆ ಕೋಣೆ, ಟಿ.ವಿ., ಹೊತ್ತಿಗೆ ಸರಿಯಾಗಿ ಊಟ, ಯಾವುದಕ್ಕೂ ಕೊರತೆ ಮಾಡಿಲ್ಲ. ಆದರೂ ದಿನದಿಂದ ದಿನಕ್ಕೆ ಮಂಕಾಗುತ್ತಿದ್ದಾರೆ. ಕೇಳಿದ್ದನ್ನೇ ಮೂರು ಸಲ ಕೇಳುತ್ತಾರೆ. ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ. ಒಂದು ದಿನ ಗುಡಿಗೆ ಹೋದವರು ದಾರಿ ತಪ್ಪಿ ಎರಡು ತಾಸಿನ ಮೇಲೆ ಸಿಕ್ಕರು. ಅಂದಿನಿಂದ ಹೊರಗೆ ಬಿಡುತ್ತಿಲ್ಲ. ನಮ್ಮ ಮನೆಯವರು ‘ಅರವತ್ತಕ್ಕೆ ಅರಳು ಮರಳು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ’ ಎನ್ನುತ್ತಾರೆ. ನಾದಿನಿ ‘ಊರು ಬಿಡಿಸಿದ್ದಕ್ಕೇ ಹಿಂಗಾತು’ ಎನ್ನುತ್ತಾರೆ. ಯಾರ ಮಾತು ನಿಜ? ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಮನೆಯವರ ಮಾತೂ ಪೂರ್ತಿ ನಿಜವಲ್ಲ, ನಾದಿನಿಯವರ ಮಾತೂ ಪೂರ್ತಿ ನಿಜವಲ್ಲ. ಆದರೆ ಎರಡರಲ್ಲಿ ಹೆಚ್ಚು ಹಾನಿ ಮಾಡುವುದು ಮೊದಲನೆಯ ಮಾತು, ಏಕೆಂದರೆ ಅದನ್ನು ನಂಬಿದ ಮನೆಯವರು ವೈದ್ಯರ ಹತ್ತಿರ ಬರುವ ಹೊತ್ತಿಗೆ ಎರಡು ಮೂರು ವರ್ಷ ಕಳೆದುಹೋಗಿರುತ್ತದೆ. ನಮ್ಮ ದೇಶದಲ್ಲಿ 60 ವರ್ಷ ದಾಟಿದವರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ ನಡೆಸಿದ ದೊಡ್ಡ ಅಧ್ಯಯನವೊಂದರ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ವಯಸ್ಸಿನವರಲ್ಲಿ ಡಿಮೆನ್ಶಿಯ, ಅಂದರೆ ಮರೆಗುಳಿ ಕಾಯಿಲೆ, ಇರುವವರು ಶೇ 7.4ರಷ್ಟು, ಸುಮಾರು 88 ಲಕ್ಷ ಜನ. ಸಂಖ್ಯೆ ದೊಡ್ಡದೇ. ಆದರೂ ಅದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿದರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಈ ಕಾಯಿಲೆ ಇಲ್ಲ. ಹೆಸರು ಥಟ್ಟನೆ ನೆನಪಾಗದಿರುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಸಹಜ ಲಕ್ಷಣ. ಪರಿಚಯದ ದಾರಿ ತಪ್ಪುವುದು, ಅರ್ಧ ಗಂಟೆಯ ಹಿಂದೆ ನುಂಗಿದ ಮಾತ್ರೆ ಮರೆಯುವುದು ಹಾಗಲ್ಲ. ಅದಕ್ಕೆ ಪರೀಕ್ಷೆ ಆಗಲೇಬೇಕು.

ಮೊದಲು ಆಗಬೇಕಾದ ವೈದ್ಯಕೀಯ ಕೆಲಸವನ್ನು ಹೇಳಿ ಮುಗಿಸುತ್ತೇನೆ. ಮರೆವಿನಂತೆಯೇ ಕಾಣುವ, ಆದರೆ ಚಿಕಿತ್ಸೆಯಿಂದ ಸರಿಹೋಗುವ ಕಾರಣಗಳು ಕೆಲವಿವೆ. ಥೈರಾಯ್ಡ್ ಕಡಿಮೆಯಾಗಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಬಿ12 ಜೀವಸತ್ವದ ಕೊರತೆ, ನಿದ್ದೆ ಮಾತ್ರೆಗಳ ಪರಿಣಾಮ, ಎಂದೋ ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರುವುದು ಇವೆಲ್ಲ ಅದರಲ್ಲಿ ಸೇರಿವೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ, ಬಿ12 ಕೊರತೆಯನ್ನು ನಾವು ಪದೇ ಪದೇ ಕಾಣುತ್ತೇವೆ. ರಕ್ತದೊತ್ತಡವನ್ನೂ ನೋಡಿಸಿ, ಏಕೆಂದರೆ ಹೆಂಡತಿ ತೀರಿಕೊಂಡ ಮೇಲೆ ಗಂಡಸರು ಸದ್ದಿಲ್ಲದೆ ಬಿಪಿ ಮಾತ್ರೆ ಬಿಟ್ಟುಬಿಡುವುದು ಬಹಳ ಸಾಮಾನ್ಯ. ಒಂದು ಎಚ್ಚರಿಕೆ: ತಿಂಗಳುಗಳಲ್ಲಿ ಬಂದ ಮರೆವು ಬೇರೆ, ಎರಡು ಮೂರು ದಿನಗಳಲ್ಲಿ ಇದ್ದಕ್ಕಿದ್ದಂತೆ ಬಂದ ಗೊಂದಲ ಬೇರೆ. ಎರಡನೆಯದು ಮೂತ್ರದ ಸೋಂಕು, ನ್ಯುಮೋನಿಯ ಮುಂತಾದವುಗಳ ಸೂಚನೆಯಾಗಿರಬಹುದು. ಅಂಥದ್ದು ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಬರಬೇಕು.

ಇನ್ನು ನಿಮ್ಮ ಪತ್ರದ ತಿರುಳಿಗೆ ಬರುತ್ತೇನೆ. ನೀವು ಬರೆದ ಸಾಲುಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೂರು ಸಂಗತಿಗಳು: ಅತ್ತೆಯವರು ತೀರಿಕೊಂಡದ್ದು, ಊರು ಬಿಟ್ಟದ್ದು, ಗುಡಿಯ ದಾರಿ ನಿಂತುಹೋದದ್ದು. ಮೂರೂ ಒಂದರ ಹಿಂದೊಂದು ಬಂದಿವೆ, ಒಂದೊಂದೂ ಅವರ ಸುತ್ತಲಿನ ಜನರನ್ನು ಕಡಿಮೆ ಮಾಡಿದೆ.

ಐವತ್ತು ವರ್ಷ ಜೊತೆಗೆ ಬಾಳಿದ ಗಂಡ ಹೆಂಡತಿಯಲ್ಲಿ ನೆನಪೆನ್ನುವುದು ಇಬ್ಬರಿಗೂ ಹಂಚಿಕೊಂಡ ಆಸ್ತಿ. ಬೀಗರ ಊರು ಯಾವುದು, ಯಾರ ಮದುವೆಗೆ ಎಷ್ಟು ಮುಯ್ಯಿ ಹಾಕಿದ್ದೆವು, ಪಂಚೆ ಯಾವ ಟ್ರಂಕಿನಲ್ಲಿದೆ, ಇಂದು ಯಾವ ವಾರ, ಇವೆಲ್ಲ ಆಕೆಯ ತಲೆಯಲ್ಲಿರುತ್ತವೆ. ಹೊಲದ ಬಾಂದು, ಸಾಲದ ಕಂತು, ಕಾಗದ ಪತ್ರ ಆತನ ತಲೆಯಲ್ಲಿರುತ್ತವೆ. ಆತನಿಗೆ ಮರೆವು ಶುರುವಾಗಿದ್ದರೆ ಆಕೆ ತನಗೇ ಗೊತ್ತಿಲ್ಲದಂತೆ ಅದನ್ನು ಮುಚ್ಚಿ ನಡೆಸುತ್ತಿರುತ್ತಾಳೆ. ಆತ ತಡವರಿಸುವ ಮೊದಲೇ ಹೆಸರನ್ನು ಬಾಯಿಗೆ ತಂದುಕೊಟ್ಟಿರುತ್ತಾಳೆ. ಆಕೆ ಹೋದ ಮೇಲೆ ‘ಅವ್ವ ಹೋದಾಗಿಂದ ಅಪ್ಪಾಜಿಗೆ ಮರೆವು ಬಂತು’ ಎಂದು ಮಕ್ಕಳು ಹೇಳುತ್ತಾರೆ. ಎಷ್ಟೋ ಸಲ ಮರೆವು ಮೊದಲೇ ಇದ್ದು, ಅವ್ವನಿಂದಾಗಿ ಅದು ಕಾಣಿಸುತ್ತಿರಲಿಲ್ಲವೆಂಬುದು ಸರಿಯಾದ ವಿವರಣೆ.

ಊರು ಬಿಟ್ಟದ್ದರ ಕಥೆಯೂ ಇದೇ. ಹುಟ್ಟಿ ಬೆಳೆದ ಮನೆಯಲ್ಲಿ ಕತ್ತಲಲ್ಲೂ ಕೈ ತಾನಾಗಿ ಚಿಲಕಕ್ಕೆ ಹೋಗುತ್ತದೆ, ಕಾಲು ತಾನಾಗಿ ಬಚ್ಚಲಿಗೆ ಹೋಗುತ್ತದೆ. ಆ ನೆನಪು ಮೈಯಲ್ಲಿ ಕುಳಿತದ್ದು, ಅದು ಬಹಳ ತಡವಾಗಿ ಕೆಡುತ್ತದೆ. ಹೊಸ ಮನೆಯಲ್ಲಿ ಪ್ರತಿಯೊಂದನ್ನೂ ಹೊಸದಾಗಿ ಕಲಿಯಬೇಕು, ಮತ್ತು ಹೊಸದನ್ನು ಕಲಿಯುವ ಶಕ್ತಿಯನ್ನೇ ಈ ಕಾಯಿಲೆ ಮೊದಲು ಕಿತ್ತುಕೊಳ್ಳುತ್ತದೆ. ಆದ್ದರಿಂದ ನಿಮ್ಮ ನಾದಿನಿಯವರಿಗೆ ಹೀಗೆ ಹೇಳಿ: ಇದು ಡಿಮೆನ್ಶಿಯದ ಅತಿ ಸಾಮಾನ್ಯ ಬಗೆಯಾದ ಅಲ್ಝೈಮರ್ ಕಾಯಿಲೆಯೇ ಆಗಿದ್ದರೆ, ಮಿದುಳಿನಲ್ಲಿ ಅದರ ಬದಲಾವಣೆಗಳು ಲಕ್ಷಣ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತವೆ. ಎಂಟು ತಿಂಗಳ ದಾವಣಗೆರೆ ವಾಸ ಅದನ್ನು ಹುಟ್ಟಿಸಲಾರದು. ಮುಚ್ಚಿದ್ದನ್ನು ಅದು ತೆರೆದು ತೋರಿಸಿರಬಹುದು ಅಷ್ಟೆ. ನೀವು ಅಪರಾಧಿ ಭಾವ ಇಟ್ಟುಕೊಳ್ಳಬೇಕಾಗಿಲ್ಲ.

ಆದರೆ ಕಾಯಿಲೆ ಹುಟ್ಟುವುದು ಒಂದು ವಿಷಯ, ಇರುವ ಶಕ್ತಿ ಎಷ್ಟು ಬೇಗ ಕೈಬಿಡುತ್ತದೆಂಬುದು ಬೇರೆ ವಿಷಯ. ಎರಡನೆಯದರಲ್ಲಿ ಮನೆ, ಬೀದಿ, ಗೆಳೆಯರು, ಕೆಲಸ ಎಲ್ಲದರ ಪಾಲಿದೆ. ಡಿಮೆನ್ಶಿಯ ತಡೆಯುವ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿಯು ಬದಲಾಯಿಸಲು ಸಾಧ್ಯವಿರುವ 14 ಕಾರಣಗಳನ್ನು ಗುರುತಿಸಿ, ಇವನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದಕ್ಕೆ ದೂಡಬಹುದು ಎಂದಿತು. ಆ ಪಟ್ಟಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಬೀಡಿ ಸಿಗರೇಟು ಇವೆ. ಅವುಗಳ ಜೊತೆಯಲ್ಲೇ ಚಿಕ್ಕಂದಿನಲ್ಲಿ ಶಾಲೆ ಸಿಗದಿರುವುದು, ಕಿವಿ ಮಂದವಾಗುವುದು, ಖಿನ್ನತೆ, ಜನಸಂಪರ್ಕವಿಲ್ಲದಿರುವುದು ಇವೂ ಇವೆ. ಆ 45ರಲ್ಲಿ ಜನಸಂಪರ್ಕದ ಕೊರತೆಗೆ ಆಯೋಗ ಕೊಟ್ಟ ಪಾಲು 5. ಇದು ಇಡೀ ಜನಸಮುದಾಯದ ಲೆಕ್ಕ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವ ಲೆಕ್ಕವಲ್ಲ.

ಮಾತಿಗೂ ಮಿದುಳಿಗೂ ಏನು ನಂಟು ಎಂದು ಹಲವರು ಕೇಳುತ್ತಾರೆ. ಅರಳಿಕಟ್ಟೆಯ ಮೇಲೆ ನಾಲ್ವರು ಕುಳಿತು ಈರುಳ್ಳಿ ಧಾರಣೆಯ ಬಗ್ಗೆ ಮಾತನಾಡುತ್ತಿದ್ದಾರೆಂದು ಇಟ್ಟುಕೊಳ್ಳಿ. ಒಬ್ಬ ಹೇಳಿದ್ದನ್ನು ಗದ್ದಲದ ನಡುವೆ ಬೇರ್ಪಡಿಸಿ ಕೇಳಿಸಿಕೊಳ್ಳಬೇಕು, ಹೋದ ವರ್ಷದ ಧಾರಣೆ ನೆನಪಿಗೆ ತರಬೇಕು, ಎದುರಿನವನ ಮುಖ ನೋಡಿ ಅವನು ತಮಾಷೆಗೆ ಹೇಳಿದನೋ ಸಿಟ್ಟಿನಿಂದ ಹೇಳಿದನೋ ಅಳೆಯಬೇಕು, ತನ್ನ ಸರದಿ ಬರುವ ತನಕ ಆಡಬೇಕಾದ ಮಾತನ್ನು ಹಿಡಿದಿಟ್ಟುಕೊಳ್ಳಬೇಕು, ಆಡಬಾರದ ಮಾತನ್ನು ನುಂಗಿಕೊಳ್ಳಬೇಕು. ಇಷ್ಟೂ ಕೆಲಸ ಒಂದೆರಡು ಕ್ಷಣದಲ್ಲಿ ಆಗುತ್ತದೆ, ಅದೂ ದಿನಕ್ಕೆ ನೂರಾರು ಸಲ. ಟಿ.ವಿ. ಮುಂದೆ ಕುಳಿತವರಿಗೆ ಇದಾವುದರ ಅಗತ್ಯವೂ ಇಲ್ಲ, ಟಿ.ವಿ. ಅವರಿಂದ ಉತ್ತರ ಕೇಳುವುದಿಲ್ಲ. ಹೀಗೆ ಬದುಕಿನುದ್ದಕ್ಕೂ ಓದು, ಕಸುಬು, ಒಡನಾಟಗಳಿಂದ ಮಿದುಳು ಕೂಡಿಸಿಟ್ಟುಕೊಂಡ ಬಲವನ್ನು ಕಣಜದಲ್ಲಿಟ್ಟ ಕಾಳಿಗೆ ಹೋಲಿಸಬಹುದು. ಮಿದುಳಿಗೆ ಒಂದೇ ಬಗೆಯ ಹಾನಿಯಾದ ಇಬ್ಬರಲ್ಲಿ ಕಣಜ ತುಂಬಿದವನು ಹೆಚ್ಚು ಕಾಲ ತನ್ನ ಬದುಕನ್ನು ತಾನೇ ನಡೆಸಿಕೊಂಡು ಹೋಗುತ್ತಾನೆ.

ನಿಮ್ಮ ಮಾವನವರ ಕಣಜ ಬರಿದಾದುದಲ್ಲ. ಇಪ್ಪತ್ತು ವರ್ಷ ಬೆಳಗ್ಗೆ, ಸಂಜೆ ಡೇರಿಯಲ್ಲಿ ನಿಂತವರು ಅವರು. ಯಾವ ಸದಸ್ಯರ ನಂಬರು ಎಷ್ಟು, ಯಾರ ಹಾಲಿನ ಫ್ಯಾಟ್ ಎಷ್ಟು ಬರುತ್ತದೆ, ಲ್ಯಾಕ್ಟೋಮೀಟರ್ ಇಳಿದರೆ ಯಾರ ಕ್ಯಾನಿಗೆ ನೀರು ಬಿದ್ದಿದೆ, ಯಾರ ಎಮ್ಮೆ ಗಬ್ಬವಾಗಿದೆ, ಯಾರಿಗೆ ಎಷ್ಟು ಬಟವಾಡೆ ಬಾಕಿ, ಇಷ್ಟನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರು. ಇನ್ನೊಂದು ಮಾತೂ ಇದೆ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯವರಲ್ಲಿ ಕನ್ನಡದ ಜೊತೆ ತೆಲುಗನ್ನೋ ಉರ್ದುವನ್ನೋ ಲಂಬಾಣಿಯನ್ನೋ ದಿನವೂ ಆಡುವವರು ಬಹಳ ಮಂದಿ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆಯ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತೆಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ನಿಜ. ಆದರೂ ನಿಮ್ಮ ಮಾವನವರಿಗೆ ತೆಲುಗು ಬರುವುದಾದರೆ, ಈ ಎಂಟು ತಿಂಗಳಲ್ಲಿ ಅವರು ಯಾರೊಂದಿಗಾದರೂ ನಾಲ್ಕು ಮಾತು ತೆಲುಗು ಆಡಿದ್ದಾರೆಯೇ ಎಂದು ಯೋಚಿಸಿ ನೋಡಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ‘ಮನೆ ತುಂಬ ಜನ ಇದ್ದೀವಲ್ಲ, ಒಂಟಿ ಹೇಗಾಗ್ತಾರೆ’ ಎಂದು ನನ್ನ ಮುಂದೆ ಕುಳಿತು ಕೇಳದ ಕುಟುಂಬವೇ ಇಲ್ಲ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಬೆನ್ನುಹತ್ತಿ ನೋಡಿಕೊಂಡು ಬಂದ, ಹತ್ತು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವೊಂದಿದೆ. ಅದರಲ್ಲಿ 60ನೆಯ ವಯಸ್ಸಿನಲ್ಲಿ ಹೆಚ್ಚುಕಡಿಮೆ ದಿನವೂ ಗೆಳೆಯರನ್ನು ಕಾಣುತ್ತಿದ್ದವರಿಗೆ, ಅಪರೂಪಕ್ಕೆ ಒಬ್ಬಿಬ್ಬರನ್ನು ಕಾಣುತ್ತಿದ್ದವರಿಗಿಂತ, ಮುಂದೆ ಡಿಮೆನ್ಶಿಯ ಬರುವ ಸಂಭವ ಶೇ 12ರಷ್ಟು ಕಡಿಮೆ ಇತ್ತು. ಬಂಧುಗಳನ್ನು ಕಾಣುವುದರಲ್ಲಿ ಅಂಥ ಸಂಬಂಧ ಕಂಡುಬರಲಿಲ್ಲ. ಲಂಡನ್ನಿನ ಕುಟುಂಬ ಬೇರೆ, ನಮ್ಮ ಕುಟುಂಬ ಬೇರೆ, ಅದನ್ನು ಹಾಗೇ ಎತ್ತಿ ಇಲ್ಲಿಗೆ ಹಚ್ಚಬಾರದು. ಆದರೆ ಅದರ ಹಿಂದಿನ ಕಾರಣ ನಮಗೂ ಅನ್ವಯಿಸುತ್ತದೆಂದು ನಾನು ನಂಬುತ್ತೇನೆ. ಮನೆಯವರು ಹಿರಿಯರೊಂದಿಗೆ ಆಡುವ ಮಾತು ಬಹುಪಾಲು ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಸ್ನಾನಕ್ಕೆ ನೀರು ಕಾದಿದೆ’ ಎಂಬಷ್ಟಕ್ಕೇ ನಿಲ್ಲುತ್ತದೆ. ಅವಕ್ಕೆ ಹೂಂ, ಉಹೂಂ ಸಾಕು. ಗೆಳೆಯನ ಮುಂದಾದರೆ ವಾದ ಮಾಡಬೇಕು, ಹಳೆಯದನ್ನು ಕೆದಕಬೇಕು, ಅವನು ಹೇಳಿದ ಸುಳ್ಳನ್ನು ಹಿಡಿಯಬೇಕು. ನಿಮ್ಮ ಮಾವನವರು ನಿನ್ನೆ ಇಡೀ ದಿನ ಆಡಿದ ಮಾತುಗಳಲ್ಲಿ ಹೂಂಗುಟ್ಟುವುದನ್ನು ಬಿಟ್ಟು ಪೂರ್ತಿ ವಾಕ್ಯಗಳು ಎಷ್ಟಿದ್ದವು? ದಯವಿಟ್ಟು ಒಂದು ದಿನ ಎಣಿಸಿ. ಹಿಂದೆ ಒಬ್ಬ ಮಗಳು ಹೀಗೆ ಎಣಿಸಿ ಬಂದು ‘ಒಂಬತ್ತು’ ಎಂದು ಹೇಳಿ ನನ್ನ ಮುಂದೆ ಅತ್ತಿದ್ದು ನನಗೆ ಇಂದಿಗೂ ನೆನಪಿದೆ.

ಒಂಟಿತನವೇ ಮರೆವನ್ನು ತರುತ್ತದೆಯೋ, ಮರೆವು ಶುರುವಾದ್ದರಿಂದ ಜನ ಬೇಡವೆನಿಸುತ್ತದೆಯೋ ಎಂಬ ಪ್ರಶ್ನೆ ನ್ಯಾಯವಾದುದು. ಎರಡೂ ನಿಜ. ಹೆಸರು ತಪ್ಪಿ ಮಾನ ಹೋಗುತ್ತದೆಂದು ಹೆದರಿದವರು ತಾವಾಗಿಯೇ ಮದುವೆ ಮುಂಜಿಗೆ ಹೋಗುವುದನ್ನು ಬಿಡುತ್ತಾರೆ, ಬಿಟ್ಟದ್ದರಿಂದ ಇನ್ನಷ್ಟು ಕುಂದುತ್ತಾರೆ. ಯಾವ ಕಡೆಯಿಂದ ಶುರುವಾಗಿದ್ದರೂ ಆ ಸುತ್ತನ್ನು ಒಂದು ಕಡೆ ತುಂಡು ಮಾಡಬಹುದು. ಅಮೆರಿಕದಲ್ಲಿ 75 ದಾಟಿದ, ಜನಸಂಪರ್ಕ ಕಡಿಮೆಯಿದ್ದ 186 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿನೊಂದಿಗೆ ವಾರಕ್ಕೆ ನಾಲ್ಕು ಸಲ, ಸಲಕ್ಕೆ ಅರ್ಧ ಗಂಟೆ, ವಿಡಿಯೊ ಕರೆಯಲ್ಲಿ ಮನಸ್ಸು ತೊಡಗುವಂಥ ಮಾತುಕತೆ ನಡೆಸಿದರು. ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಹತ್ತು ನಿಮಿಷ ಫೋನು ಮಾಡಿ ಕ್ಷೇಮ ವಿಚಾರಿಸಿದರು. ಆರು ತಿಂಗಳಾದ ಮೇಲೆ ಮೊದಲ ಗುಂಪಿನವರ ಬುದ್ಧಿಶಕ್ತಿ ಪರೀಕ್ಷೆಯ ಅಂಕಗಳು ಎರಡನೆಯ ಗುಂಪಿಗಿಂತ ಮೇಲಿದ್ದವು. ಸುಧಾರಣೆ ಸಣ್ಣದು. ಆದರೆ ಅದು ಬಂದದ್ದು ಮಾತ್ರೆಯಿಂದಲ್ಲ, ಮಾತಿನಿಂದ. ಹೊರಗೂರಿನಲ್ಲಿರುವ ಮೊಮ್ಮಕ್ಕಳು ಯಾರಾದರೂ ಇದ್ದರೆ, ‘ಅಜ್ಜ ಹುಷಾರಾ’ ಎಂದು ಎರಡು ನಿಮಿಷಕ್ಕೆ ಮುಗಿಸುವ ಬದಲು ಅರ್ಧ ಗಂಟೆ ಕೂತು, ಡೇರಿ ಶುರುವಾದಾಗ ಊರಿನಲ್ಲಿ ಎಷ್ಟು ದನ ಇದ್ದವು ಎಂದು ಕೇಳಲಿ.

ಈಗ ಶೀರ್ಷಿಕೆಯ ಮಾತು. ನೀವು ‘ಯಾವುದಕ್ಕೂ ಕೊರತೆ ಮಾಡಿಲ್ಲ’ ಎಂದು ಬರೆದಿದ್ದೀರಿ. ಅದನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ನಮ್ಮ ಭಾಗದ ಒಳ್ಳೆಯ ಮನೆಗಳಲ್ಲಿ ಅಕ್ಕರೆಯಿಂದಲೇ ಒಂದು ಕೊರತೆ ಆಗಿಬಿಡುತ್ತದೆ. ಹಿರಿಯರು ನೀರಿನ ಕೊಡಕ್ಕೆ ಕೈ ಹಾಕಿದರೆ ‘ಬಿಡಿ ಮಾವ, ನೀವು ಸುಮ್ಮನೆ ಕೂತಿರಿ’. ಸಂತೆಗೆ ಹೊರಟರೆ ‘ನಾವಿದ್ದೀವಲ್ಲ’. ಪಾಸ್‌ಬುಕ್ ತೆಗೆದರೆ ‘ಅದೆಲ್ಲ ನಾವು ನೋಡ್ಕೋತೀವಿ’. ಹೀಗೆ ಒಂದೊಂದಾಗಿ ಕೈಯಿಂದ ಕೆಲಸ ಜಾರುತ್ತದೆ, ಕೆಲಸದ ಜೊತೆಗೆ ಅದಕ್ಕೆ ಅಂಟಿಕೊಂಡಿದ್ದ ಜನ, ಲೆಕ್ಕ, ಹೊತ್ತಿನ ಅರಿವು ಎಲ್ಲವೂ ಜಾರುತ್ತವೆ. ಹೊಳಲ್ಕೆರೆ ಕಡೆಯ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅಲ್ಲಿನ ಅಜ್ಜಿ ದಿನಾ ಮಧ್ಯಾಹ್ನ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನೆರೆಮನೆಯ ಇಬ್ಬರು ಮೂವರು ತಮ್ಮ ತಮ್ಮ ಮೊರ ಹಿಡಿದು ಬಂದು ಕೂರುತ್ತಿದ್ದರು. ಅಜ್ಜಿಗೆ ಕಣ್ಣು ಮಂಜಾಗಿ ಕಲ್ಲು ಉಳಿಯತೊಡಗಿದಾಗ ಸೊಸೆ ಬೇಸರ ಪಡದೆ, ಒಂದು ಮಾತೂ ಆಡದೆ, ಶುದ್ಧಮಾಡಿದ ಅಕ್ಕಿಯ ಪಾಕೀಟು ತರಿಸಲು ಶುರುಮಾಡಿದಳು. ಮೊರ ಅಟ್ಟ ಸೇರಿತು. ನೆರೆಯವರು ಬರುವುದು ನಿಂತಿತು. ಒಂದು ವರ್ಷದಲ್ಲಿ ಅಜ್ಜಿ ಹೊತ್ತು ಗೊತ್ತು ತಿಳಿಯದಂತಾದರು. ಕಾಯಿಲೆ ಅದರಿಂದಲೇ ಬಂತೆಂದು ನಾನು ಹೇಳಲಾರೆ. ಆದರೆ ಕಣ್ಣಿನ ಪೊರೆ ತೆಗೆಸಿ, ಮೊರವನ್ನು ಕೆಳಗಿಳಿಸಿ, ಮೊದಲೇ ಶುದ್ಧವಾದ ಅಕ್ಕಿಯನ್ನೇ ಅವರ ಮುಂದೆ ಇಟ್ಟ ಮೇಲೆ ನೆರೆಯವರು ಮತ್ತೆ ಬಂದು ಕೂತರು. ಅಜ್ಜಿ ಮಧ್ಯಾಹ್ನವಾಯಿತೆಂದು ತಾವಾಗಿ ಜಗುಲಿಗೆ ಬರುವಷ್ಟು ಚೇತರಿಸಿಕೊಂಡರು. ದೃಷ್ಟಿ ಮಂದವಾಗುವುದೂ ಈಗ ಲ್ಯಾನ್ಸೆಟ್ ಪಟ್ಟಿಯಲ್ಲಿ ಸೇರಿದೆ.

ನಿಮ್ಮ ಮನೆಯಲ್ಲಿ ಮೊರದ ಬದಲು ಹಾಲಿದೆ. ಹಾಲಿನ ಲೆಕ್ಕವನ್ನು ಇಂದೇ ಮಾವನವರಿಗೆ ಒಪ್ಪಿಸಿ. ಒಂದು ಪುಸ್ತಕ ಕೊಡಿ, ಎಷ್ಟು ಪಾಕೀಟು ಬಂತು, ಎಷ್ಟು ಹಣ ಆಯಿತು ಎಂದು ಅವರೇ ಬರೆಯಲಿ. ತಪ್ಪಿದರೆ ತಿದ್ದಿ ತೋರಿಸಬೇಡಿ, ಬೇಕಿದ್ದರೆ ನೀವು ಬೇರೆ ಬರೆದಿಟ್ಟುಕೊಳ್ಳಿ. ಪಿಂಚಣಿಯ ಪಾಸ್‌ಬುಕ್ ಅವರ ಪೆಟ್ಟಿಗೆಯಲ್ಲೇ ಇರಲಿ, ಬ್ಯಾಂಕಿಗೆ ನಿಮ್ಮ ಮನೆಯವರು ಜೊತೆಯಲ್ಲಿ ಹೋಗಲಿ, ಸಹಿ ಅವರೇ ಹಾಕಲಿ. ಪಂಚಾಯ್ತಿಯಲ್ಲಿ ಮಾತಿಗೆ ಬೆಲೆಯಿದ್ದ ಗಂಡಸು ಹತ್ತು ರೂಪಾಯಿಗೂ ಮಗನ ಕೈ ನೋಡುವಂತಾದಾಗ ಅವರ ಮನಸ್ಸು ಮುದುಡುತ್ತದೆ. ಖಿನ್ನತೆ ಬರುವುದು ಆ ದಾರಿಯಿಂದ.

ಖಿನ್ನತೆಯ ಬಗ್ಗೆ ಒಂದು ಗುರುತು ಹೇಳುತ್ತೇನೆ, ಏಕೆಂದರೆ ಹೆಂಡತಿಯನ್ನು ಕಳೆದುಕೊಂಡವರಲ್ಲಿ ಅದು ಮರೆವಿನ ವೇಷ ಹಾಕಿಕೊಂಡು ಬರುತ್ತದೆ. ಏನು ಕೇಳಿದರೂ ‘ಗೊತ್ತಿಲ್ಲ, ತಲೆ ಓಡಂಗಿಲ್ಲ’ ಎಂದು ತಾವೇ ದೂರುವವರಲ್ಲಿ ಖಿನ್ನತೆಯ ಸಂಭವ ಹೆಚ್ಚು. ತಪ್ಪು ಉತ್ತರವನ್ನೇ ಧೈರ್ಯವಾಗಿ ಹೇಳುವವರು, ಅಥವಾ ‘ನನಗೇನೂ ಆಗಿಲ್ಲ’ ಎಂದು ಮಾತು ತೇಲಿಸುವವರಲ್ಲಿ ಡಿಮೆನ್ಶಿಯದ ಸಂಭವ ಹೆಚ್ಚು. ಇದು ಕೊನೆಯ ತೀರ್ಮಾನವಲ್ಲ, ಎರಡೂ ಒಟ್ಟಿಗೆ ಇರುವುದೂ ಉಂಟು. ಆದರೆ ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ, ಅದು ಇದ್ದರೆ ಬಿಡಬಾರದು.

ಕಿವಿಯನ್ನು ಮರೆಯಬೇಡಿ. ಮಾವನವರ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು, ಮುಖ ಕಾಣದಂತೆ, ಸಾಧಾರಣ ದನಿಯಲ್ಲಿ ‘ಸಂಜೆ ಯಾರೋ ಬರ್ತಾರಂತೆ’ ಎನ್ನಿ. ತಿರುಗದಿದ್ದರೆ, ಇಷ್ಟು ದಿನ ‘ಮರೆತರು’ ಎಂದು ನೀವು ತಿಳಿದ ಎಷ್ಟೋ ಮಾತುಗಳು ಅವರ ಕಿವಿಗೆ ಬಿದ್ದೇ ಇರಲಿಲ್ಲವೆಂದಾಯಿತು. ಮರೆವೆಂದು ಕರೆತಂದ ಒಬ್ಬ ತಾಯಿಗೆ ಎರಡೂ ಕಿವಿಯ ಗುಗ್ಗೆ ತೆಗೆದಾಗ, ಹೊರಗೆ ಬಸ್ಸಿನ ಹಾರ್ನ್ ಕೇಳಿ ಬೆಚ್ಚಿಬಿದ್ದುದನ್ನು ನೋಡಿದ್ದೇನೆ. ಶ್ರವಣಯಂತ್ರದ ಬಗ್ಗೆ ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಫಲ 2023ರಲ್ಲಿ ಬಂತು. ಒಟ್ಟಾರೆ ಎಲ್ಲರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಶೇ 48ರಷ್ಟು ತಗ್ಗಿತ್ತು. ಕಿವಿ ಕೇಳಿಸದವರು ಜನರ ನಡುವೆ ಕೂತೂ ಒಂಟಿಯೇ.

ನಿಮ್ಮ ಅತ್ತೆಯವರ ಕಾಲದ ಹೆಣ್ಣುಮಕ್ಕಳ ನೆನಪಿಗಾಗಿ ಒಂದು ಮಾತು ಸೇರಿಸುತ್ತೇನೆ. ನಾನು ಮೇಲೆ ಹೇಳಿದ ಭಾರತದ ಅಧ್ಯಯನದಲ್ಲಿ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚಿತ್ತು. ಇದರ ಬೇರು ಎಪ್ಪತ್ತು ವರ್ಷ ಹಿಂದಿನದು: ತಮ್ಮನನ್ನು ಎತ್ತಿಕೊಳ್ಳಲು ಶಾಲೆ ಬಿಡಿಸಿದ ಹುಡುಗಿ, ಮೈನೆರೆಯುವ ಮೊದಲೇ ಮದುವೆಯಾದ ಹುಡುಗಿ, ಈಗ ಅಜ್ಜಿಯಾಗಿ ನಮ್ಮ ಮುಂದೆ ಬಂದು ಕೂರುತ್ತಾಳೆ. ಹಾಗೆಂದು ಓದದವರಿಗೆ ಬುದ್ಧಿ ಕಡಿಮೆ ಎಂದಲ್ಲ, ಅವರನ್ನು ಅಳೆಯುವ ಪರೀಕ್ಷೆಯೂ ತಕ್ಕುದಾಗಿರಬೇಕು. ಅಕ್ಷರ ಬಾರದವರಿಗೆ ವಾಕ್ಯ ಬರೆಯಿರಿ ಎನ್ನದೆ, ವಾರಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸುವಂಥ ಪರೀಕ್ಷೆ ಬಳಸಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ ಮೇಲೆ, ಯಾರ ಮುಂದೆಯೂ ಕೈಚಾಚದೆ ತಂಗಿಯ ಮನೆಗೋ ನಾಯಕನಹಟ್ಟಿ ಜಾತ್ರೆಗೋ ಹೊರಡುವ ಅಜ್ಜಿಯರನ್ನು ನಾನು ಕಾಣುತ್ತಿದ್ದೇನೆ. ಅದೂ ಮಿದುಳಿನ ಆರೋಗ್ಯದ ಕೆಲಸವೇ ಎಂದು ನಾನು ಮನಸಾರೆ ಹೇಳುತ್ತೇನೆ.

ಮತ್ತೆ ನಿಮ್ಮ ಮಾವನವರಿಗೆ. ದಾರಿ ತಪ್ಪಿದರೆಂದು ಹೊರಗೆ ಬಿಡದಿರುವುದು ನಿಮ್ಮ ಭಯದಿಂದ ಬಂದ ತೀರ್ಮಾನ, ಆ ಭಯ ನನಗೆ ಅರ್ಥವಾಗುತ್ತದೆ. ಒಬ್ಬರನ್ನೇ ಕಳಿಸಬೇಡಿ, ಆದರೆ ಗುಡಿಯ ದಾರಿ ನಿಲ್ಲಿಸಬೇಡಿ. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಯಾರಾದರೊಬ್ಬರು ಜೊತೆಗೆ ಹೋಗಿ ಬನ್ನಿ. ಅಂಗಿಯ ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಬರೆದ ಚೀಟಿ ಇರಲಿ. ದಾರಿಯ ಕಿರಾಣಿ ಅಂಗಡಿಯವರಿಗೆ, ಹೂ ಮಾರುವವರಿಗೆ ಅವರ ಪರಿಚಯ ಮಾಡಿಸಿ. ಕಾಯುವ ನಾಲ್ಕು ಕಣ್ಣುಗಳೂ ಆದವು, ಮಾತಾಡುವ ನಾಲ್ಕು ಜನರೂ ಆದರು. ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಕೂರುವ ಹಿರಿಯರ ಗುಂಪಿದ್ದರೆ ಮೊದಲ ಒಂದು ವಾರ ನಿಮ್ಮ ಮನೆಯವರೇ ಜೊತೆಗೆ ಕೂತು ಬರಲಿ. ಹೊಸಬರ ನಡುವೆ ಹಿರಿಯರನ್ನು ಒಮ್ಮೆಲೇ ಬಿಟ್ಟು ಬಂದರೆ ಮರುದಿನ ಅವರು ಕಾಲು ನೋವೆನ್ನುತ್ತಾರೆ. ಹದಿನೈದು ದಿನಕ್ಕೊಮ್ಮೆ ಊರಿಗೆ, ಅದೂ ಡೇರಿಯಲ್ಲಿ ಹಾಲು ಹಾಕುವ ಹೊತ್ತಿಗೆ, ಕರೆದುಕೊಂಡು ಹೋಗಿ. ಈರುಳ್ಳಿ ಮಾರಲು ಎಪಿಎಂಸಿಗೆ ಬರುವ ಊರವರಿಗೆ ‘ಮನೆಗೆ ಬಂದು ಒಂದು ಲೋಟ ಚಾ ಕುಡಿದು ಹೋಗ್ರಿ’ ಎಂದು ಹೇಳಿಟ್ಟಿರಿ.

ಬಂದವರಿಗೆ ಒಂದೇ ಒಂದು ಕಟ್ಟಪ್ಪಣೆ ಮಾಡಿ. ನಮ್ಮ ನೆಂಟರಿಷ್ಟರಲ್ಲಿ ಒಂದು ಕೆಟ್ಟ ಅಭ್ಯಾಸವಿದೆ: ಎದುರಿಗೆ ಕೂತು, ಗಟ್ಟಿಯಾಗಿ, ‘ನಾನು ಯಾರು ಹೇಳು ನೋಡಾನ? ಗುರ್ತು ಸಿಕ್ತಾ?’ ಎಂದು ಪರೀಕ್ಷೆ ಮಾಡುವುದು. ಆ ಕ್ಷಣ ಹಿರಿಯರ ಮುಖವನ್ನು ಗಮನಿಸಿ ನೋಡಿ. ಕಣ್ಣು ಆಚೀಚೆ ಹೊರಳುತ್ತದೆ, ಒಂದು ಸೋತ ನಗೆ ಬರುತ್ತದೆ, ಕೈ ಪಂಚೆಯ ಅಂಚನ್ನು ತಿರುವತೊಡಗುತ್ತದೆ. ಅದಾದ ಮೇಲೆ ಅವರು ಜನರೆಂದರೆ ಒಳಗೆ ಹೋಗಿ ಮಲಗುತ್ತಾರೆ. ಬಂದವರು ಬಾಗಿಲಲ್ಲೇ ತಮ್ಮ ಹೆಸರು, ಮನೆತನ ಹೇಳಿಕೊಂಡು ಒಳಗೆ ಬರಲಿ, ಹಳೆಯ ಸಂಗತಿ ಎತ್ತಲಿ. ಇತ್ತೀಚಿನದು ಮರೆತರೂ ನಲವತ್ತು ವರ್ಷ ಹಿಂದಿನದನ್ನು ಅವರು ನಿಮಗಿಂತ ಚೆನ್ನಾಗಿ ಹೇಳಬಲ್ಲರು.

ನಾದಿನಿಯವರಿಗೆ ಕಾಳಜಿ ಇದೆ, ಅದನ್ನು ಕೆಲಸಕ್ಕೆ ಹಚ್ಚಿ. ಆದರೆ ತಿಂಗಳಿಗೊಂದು ಮನೆಯೆಂದು ಮಾವನವರನ್ನು ಪಾಳಿಯ ಮೇಲೆ ತಿರುಗಿಸಬೇಡಿ. ಪ್ರತಿ ಸಲವೂ ಬಚ್ಚಲು, ಬಾಗಿಲು, ಹಾಸಿಗೆಯ ದಿಕ್ಕು ಹೊಸದಾಗುವುದು ಇಂಥವರಿಗೆ ಬಹಳ ಕಷ್ಟ. ನಾದಿನಿಯವರೇ ಬಂದು ನಾಲ್ಕು ದಿನ ಇದ್ದು ಹೋಗಲಿ. ಆ ನಾಲ್ಕು ದಿನ ನೀವು ತವರಿಗೆ ಹೋಗಿ ಬನ್ನಿ. ನೋಡಿಕೊಳ್ಳುವವರು ಮನೆಯಿಂದ ಹೊರಬೀಳದೆ ಒಂಟಿಯಾಗುವುದನ್ನೂ ನಾವು ಇದೇ ಕಾಯಿಲೆಯ ಭಾಗವೆಂದೇ ನೋಡುತ್ತೇವೆ. ಮನಸ್ಸು ಬಹಳ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಹಿರಿಯರಿಗೆ ಸಂಬಂಧಿಸಿದ ಸೌಲಭ್ಯಗಳ ವಿಚಾರಕ್ಕೆ 14567 ಸಹಾಯವಾಣಿ ಇದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿದೆ. ಜಿಲ್ಲಾಸ್ಪತ್ರೆಗೆ ಹೋದಾಗ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಇರುತ್ತದೆಂದು ವಿಚಾರಿಸಿ.

ಪರೀಕ್ಷೆಗೆ ಬೆಳಗಿನ ಹೊತ್ತೇ ಕರೆತನ್ನಿ, ಸಂಜೆಯ ಹೊತ್ತಿಗೆ ಇಂಥವರ ಗೊಂದಲ ಹೆಚ್ಚಾಗಿರುತ್ತದೆ. ಕನ್ನಡಕ ಹಾಕಿಕೊಂಡು ಬರಲಿ. ನುಂಗುತ್ತಿರುವ ಮಾತ್ರೆಗಳೆಲ್ಲವನ್ನೂ, ಅಂಗಡಿಯಿಂದ ನೇರವಾಗಿ ತಂದ ನೋವಿನ ಮತ್ತು ನಿದ್ದೆಯ ಮಾತ್ರೆಗಳೂ ಸೇರಿದಂತೆ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ವೈದ್ಯರು ಪ್ರಶ್ನೆ ಕೇಳಿದಾಗ ನೀವಾಗಲಿ ನಿಮ್ಮ ಮನೆಯವರಾಗಲಿ ಅವರ ಪರವಾಗಿ ಉತ್ತರಿಸಬೇಡಿ. ನಿಮ್ಮ ಮಾತನ್ನು ಆಮೇಲೆ ಬೇರೆಯಾಗಿ ಕೇಳುತ್ತಾರೆ. ಚೀಲವನ್ನು ಮಾವನವರೇ ಹಿಡಿದುಕೊಂಡು ಬರಲಿ.